ಮೇಷ್ಟ್ರ ಎರಡು ಬೆರಳು

ಮೇಷ್ಟ್ರದು ಬೂದು ಬಣ್ಣದ ಉಣ್ಣೆಯ ಕೈಗವಸು. ಬಲಗೈಯದರಲ್ಲಿ ಮಾತ್ರ ಎರಡು ಬೆರಳಿನ ತುದಿ ಕತ್ತರಿಸಿಕೊಂಡಿದ್ದರು. ಎಂಥ ಚಳಿಯಲ್ಲೂ ಕಾರಿನಲ್ಲಿ ಪುಸ್ತಕದ ಹಾಳೆ ತಿರುಗಿಸಬೇಕಲ್ಲ, ಅದಕ್ಕೆ. ಏನು ಕೇಳಿದರೂ ಆ ಎರಡು ಬೆರಳು ಮೇಲೇಳುತ್ತಿದ್ದವು. "ಎರಡು ಅಭಿಪ್ರಾಯ ಇದೆ, ಸಾರ್."

ಮೇಷ್ಟ್ರು ಮೈಸೂರಿನ ಮಂಡಿ ಮೊಹಲ್ಲಾದವರು. ಎಪ್ಪತ್ತರ ದಶಕದ ಮೊದಲಲ್ಲಿ ಡೆಟ್ರಾಯಿಟ್‌ನ ಕಾಲೇಜೊಂದರಲ್ಲಿ ಇಸ್ಲಾಮಿನ ಹಳೆಯ ರಾಜನೀತಿ ಪಾಠ ಮಾಡುತ್ತಿದ್ದರು. ಡಿಯರ್‌ಬಾರ್ನ್‌ನಲ್ಲಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ವಾಸ. ಡ್ರೈವಿಂಗ್ ಬಾರದು. ನನ್ನ ಹೆಂಡತಿಗೆ ಡೆಟ್ರಾಯಿಟ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ದಿನಾ ನನ್ನ ಕಾರಿನಲ್ಲಿ ಇಬ್ಬರನ್ನೂ ಬಿಟ್ಟು ನಾನು ಡಿಯರ್‌ಬಾರ್ನ್‌ನ ಆಫೀಸಿಗೆ ವಾಪಸಾಗುತ್ತಿದ್ದೆ.

ಅವರ ವಿಷಯ ಶೂರಾ: ಆಳುವವನು ಜನರ ಸಲಹೆ ಕೇಳಿಯೇ ನಡೆಯಬೇಕೆಂಬ ನೀತಿ. ಅದು ಪಾಠದಲ್ಲೇ ಇದ್ದುಕೊಂಡಿದ್ದರೆ ನನಗೇನೂ ತಕರಾರಿರಲಿಲ್ಲ. ಹಿಮ ಬಿದ್ದ ದಿನ ಹೆದ್ದಾರಿಯಿಂದ ಇಳಿಯಲು ಯಾವ ಎಕ್ಸಿಟ್ ಹಿಡಿಯಬೇಕೆಂದು "ಅಮ್ಮನವರನ್ನೂ ಒಂದು ಮಾತು ಕೇಳಿ" ಎನ್ನುವರು. ಕೇಳುವಷ್ಟರಲ್ಲಿ ಎಕ್ಸಿಟ್ ದಾಟಿಹೋಗಿರುತ್ತಿತ್ತು. ಮೈ ಉರಿಯುತ್ತಿತ್ತು ನನಗೆ.

ಶಿಕಾಗೋದಲ್ಲಿ ದೊಡ್ಡ ಹುದ್ದೆಗೆ ಕರೆ ಬಂತು. ಹೆಂಡತಿಗೆ ರಜೆಯಿದ್ದ ದಿನ ಕಾರಿನಲ್ಲಿ ಮೇಷ್ಟ್ರಿಗೆ ಹೇಳಿದೆ.

"ಮನೇಲಿ ಕೇಳಿದ್ರಾ?"

"ಹೇಳ್ತೀನಿ."

"ಕೇಳಿದ್ರಾ ಅಂದೆ."

ಆಮೇಲೆ ಪೈಗಂಬರರ ಕಾಲದ ಯುದ್ಧವೊಂದರ ಕಥೆ ಹೇಳಿದರು. "ಊರೊಳಗೇ ನಿಂತು ಕಾದೋಣ ಅಂತ ಪೈಗಂಬರರ ಮನಸ್ಸು. ಯುವಕರು ಹೊರಗೆ ಹೋಗೋಣ ಅಂದ್ರು. ಯುವಕರ ಮಾತಿಗೇ ಒಪ್ಪಿ ಹೊರಗೆ ಹೋದ್ರು, ಪೆಟ್ಟು ತಿಂದ್ರು. ಆಮೇಲೆ ದೇವರಿಂದ ಬಂದ ಅಪ್ಪಣೆ ಏನು ಗೊತ್ತಾ? ಇನ್ನು ಕೇಳಬೇಡ ಅಂತಲ್ಲ. ಕ್ಷಮಿಸು, ಅವರನ್ನೇ ಮತ್ತೆ ಕೇಳು ಅಂತ."

"ಸರಿ, ಕೇಳಿದ್ಮೇಲೆ ಅವರು ಹೇಳಿದಂಗೇ ನಡೀಲೇಬೇಕಾ?"

ಬೆರಳು ಎದ್ದವು. "ಎರಡು ಅಭಿಪ್ರಾಯ ಇದೆ. ನಡೀಲೇಬೇಕು ಅನ್ನೋದೊಂದು. ಎಲ್ಲ ಕೇಳಿಕೊಂಡು ತಾನೇ ನಿರ್ಧಾರ ಮಾಡಬಹುದು ಅನ್ನೋದು ಇನ್ನೊಂದು."

ನನಗೆ ಅಷ್ಟು ಸಾಕಿತ್ತು. ಅವತ್ತೇ ಹೆಂಡತಿಯನ್ನು ಕೇಳಿದೆ. "ಎರಡು ಸಲ ಪರೀಕ್ಷೆ ಬರೆದು ಸಿಕ್ಕ ಕೆಲಸ ರೀ. ಬಿಟ್ಟು ಬರೋಕೆ ಆಗಲ್ಲ," ಅಂದಳು. ಪೂರ್ತಿ ಕೇಳಿಸಿಕೊಂಡೆ. ಮರುದಿನ ಶಿಕಾಗೋಗೆ ಒಪ್ಪಿಗೆ ಕಳಿಸಿದೆ.

ಮೇಷ್ಟ್ರ ಮುಂದೆ ಎರಡನೇ ಅಭಿಪ್ರಾಯ ಎತ್ತಿದಾಗ ಅವರು ಪುಸ್ತಕ ಮುಚ್ಚಿದರು. "ಅದು ದೊರೆಗಳಿಗೆ ಬಲು ಇಷ್ಟವಾದ ಅಭಿಪ್ರಾಯ, ಸಾರ್."

ಇದನ್ನು ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ? ಆ ಸಿಟ್ಟು ನನಗೆ ಇವತ್ತಿಗೂ ಇದೆ. ಅವರು ಹೇಳಿದ್ದರೆ ನಾನು ಕೇಳುತ್ತಿದ್ದೆನೇ ಎಂಬುದು ಬೇರೆ ಮಾತು.

ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ಗೆ ಬಂದೆವು. ಅವಳಿಗೆ ಲ್ಯಾಬಿನ ಕೆಲಸ ಮತ್ತೆ ಸಿಗಲಿಲ್ಲ. ಅಂಗಡಿಯೊಂದರಲ್ಲಿ ಬಟ್ಟೆ ಮಡಿಸಿಡುತ್ತಿದ್ದಳು. ದೂರು ಹೇಳಲಿಲ್ಲ, ಆದರೆ ಯಾವುದಕ್ಕೂ ಅಭಿಪ್ರಾಯ ಹೇಳುವುದನ್ನೇ ಬಿಟ್ಟಳು. ಏನು ಕೇಳಿದರೂ "ನಿಮ್ಮಿಷ್ಟ" ಎಂಬ ಒಂದೇ ಉತ್ತರ.

ಮೂರನೇ ಚಳಿಗಾಲದಲ್ಲಿ ಫೋನ್ ಬಂತು. ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡಿದ್ದರು. ನಾವಿಬ್ಬರೂ ಡೆಟ್ರಾಯಿಟ್ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಹಿಂದಿರುಗುವಾಗ ಕನ್ನಡಿಯಲ್ಲಿ ಅವರು ಕೂರುತ್ತಿದ್ದ ಹಿಂದಿನ ಸೀಟು ಖಾಲಿ ಕಂಡು ದುಃಖಕ್ಕಿಂತ ಸಿಟ್ಟೇ ಬಂತು. "ಸಲಹೆ ಕೇಳಿದವನು ಅದರಂತೆ ನಡೀಬೇಕೋ ಬೇಡವೋ, ಕೊನೇವರೆಗೂ ಹೇಳಲೇ ಇಲ್ಲ ಈ ಮನುಷ್ಯ!" ಎಂದೆ.

ಅವಳು ಕಿಟಕಿಯ ಕಡೆ ತಿರುಗಿದ್ದಳು. "ಅದನ್ನೂ ಅವರನ್ನೇ ಕೇಳಿದ್ರಿ," ಎಂದಳು. "ನನ್ನನ್ನ ಕೇಳಲಿಲ್ಲ."

ಇನ್ನೂರು ಮೈಲಿಗೂ ಮೀರಿದ ದಾರಿಯಿತ್ತು. ಅವಳನ್ನೇ ಕೇಳಿದೆ. ಮನೆ ಮುಟ್ಟುವವರೆಗೂ ಅವಳೇ ಮಾತಾಡಿದಳು.