ಗೋಡೆಗೆ ಹಾಕಿದ ನೀರು

ಅವ್ವನ ಹತ್ತಿರ ಗುತ್ತಿಗೆದಾರಳ ಲೈಸೆನ್ಸ್ ನಾಲ್ಕು ವರ್ಷಗಳಿಂದ ಇತ್ತು. ಆದರೆ ಅವಳು ಒಂದು ಇಟ್ಟಿಗೆಯನ್ನೂ ಇಡಿಸಿರಲಿಲ್ಲ. ಪರಿಶಿಷ್ಟ ಜಾತಿಯವರಿಗೆ ಮೀಸಲಾದ ಕಾಮಗಾರಿ ಹಿಡಿಯಲು ಬೀದರಿನ ಒಬ್ಬ ದೊಡ್ಡ ಗುತ್ತಿಗೆದಾರರಿಗೆ ಒಂದು ಹೆಸರು ಬೇಕಾಗಿತ್ತು. ಲೈಸೆನ್ಸ್ ಮಾಡಿಸಿದವರೂ ಅವರೇ, ಇಟ್ಟುಕೊಂಡವರೂ ಅವರೇ.

"ಬಾಯಿ, ನೀವು ಸಹಿ ಮಾಡ್ರಿ ಸಾಕು. ಬಿಸಿಲಾಗ ಯಾಕ ಓಡಾಡ್ತೀರಿ?" ಎಂದು ಅವ್ವನಿಗೆ ಹೇಳುತ್ತಿದ್ದರು. ಅವ್ವ ಸಹಿ ಮಾಡುತ್ತಿದ್ದಳು.

ಮಳೆ ಕೈಕೊಟ್ಟ ಎರಡನೇ ವರ್ಷ ಭಾಲ್ಕಿ ಕಡೆಯ ಒಂದು ಊರಿಗೆ ನಾವಿಬ್ಬರೂ ಮದುವೆಗೆ ಹೋಗಿದ್ದೆವು. ಬಸ್ ಇಳಿದಲ್ಲೇ ಒಂದು ನೀರಿನ ತೊಟ್ಟಿ. ಬೋರ್ಡಿನ ಮೇಲೆ ಗುತ್ತಿಗೆದಾರಳೆಂದು ಅವ್ವನ ಹೆಸರು. ತೊಟ್ಟಿಯಲ್ಲಿ ನೀರಿರಲಿಲ್ಲ, ಮೇಲಿನಿಂದ ಕೆಳಗಿನವರೆಗೆ ಬಿರುಕು. ತನ್ನ ಮದುವೆಗೆ ಮುಂಚೆ ಗಾರೆ ಕೆಲಸದವರ ಕೈಕೆಳಗೆ ನೀರು ಹೊತ್ತವಳು ಅವ್ವ. ಬಿರುಕಿನಲ್ಲಿ ಬೆರಳಿಟ್ಟು, "ಗ್ವಾಡಿಗಿ ನೀರೇ ಕುಡಿಸಿಲ್ಲ" ಎಂದಳು. ಸಿಮೆಂಟು ಗಟ್ಟಿಯಾಗಬೇಕಾದರೆ ದಿನಗಟ್ಟಲೆ ಒದ್ದೆಯಾಗಿರಬೇಕು. ಬರಗಾಲದಲ್ಲಿ ಆ ನೀರಿನ ಖರ್ಚನ್ನು ಗುತ್ತಿಗೆದಾರರು ಉಳಿಸಿದ್ದರು.

ನೆರಳಲ್ಲಿ ಕೂತಿದ್ದ ಮುದುಕರೊಬ್ಬರು ನಮ್ಮನ್ನು ನೋಡಿ ನಕ್ಕರು. "ಆ ಬೋರ್ಡಿನ ಮ್ಯಾಲ ಹೆಸರಿರೋ ಬಾಯಿ ಎಲ್ಲ್ಯಾರ ಸಿಕ್ಕರ ಕಳಸ್ರಿ. ತೊಟ್ಟ್ಯಾಗ ಈಜಾಡ್ಸಿ ಕಳಸ್ತೇವ್."

"ಹೇಳ್ತೇನ್ರಿ" ಎಂದಳು ಅವ್ವ. ಮದುವೆಯಲ್ಲಿ ಅವಳು ಊಟ ಮಾಡಲಿಲ್ಲ.

ಮರುದಿನವೇ ಹೋಗಿ ಲೈಸೆನ್ಸನ್ನೂ, ಆನ್‌ಲೈನ್ ಟೆಂಡರಿಗೆ ಬೇಕಾದ ಡಿಜಿಟಲ್ ಸಹಿಯ ಕೀಲಿಯನ್ನೂ ವಾಪಸ್ ಕೇಳಿದಳು. ಆ ಗುತ್ತಿಗೆದಾರರು ಕೊಟ್ಟರು, ಆದರೆ ನನ್ನ ಕಡೆ ನೋಡಿ, "ಮಗಳು ಎಂ.ಎ. ಮಾಡ್ಯಾಳಂತ. ಸಿಮೆಂಟ್ ಕಲಸ್ತಾಳೇನ್ರಿ?" ಎಂದರು.

ನಾನು ಕಲಬುರಗಿಯಲ್ಲಿ ಓದು ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದೆ. ಅರ್ಜಿ ತುಂಬುವ ಕೆಲಸ ನನ್ನದಾಯಿತು. ಮೊದಲ ಸಲ ಒಂದು ಪ್ರಮಾಣಪತ್ರ ಹಳೆಯದೆಂದು ತಿರಸ್ಕರಿಸಿದರು. ಎರಡನೇ ಸಲ ಕಾರಣ ಹೇಳಲಿಲ್ಲ. ಮೂರನೇ ಸಲ ಔರಾದ್ ತಾಲೂಕಿನ ಒಂದು ಸಣ್ಣ ಊರಿನಲ್ಲಿ ನೀರಿನ ತೊಟ್ಟಿ ಕಟ್ಟುವ ಕೆಲಸ ಸಿಕ್ಕಿತು. ಇದೊಂದು ಬಿರುಕು ಬಿಟ್ಟರೆ ಮುಂದೆ ಕೆಲಸವಿಲ್ಲ, ಭಾಲ್ಕಿಯ ಬೋರ್ಡೇ ಅವಳ ಗುರುತಾಗಿ ಉಳಿಯುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಆ ಊರಿನಲ್ಲಿ ಅರ್ಧ ಮನೆಗಳಿಗೆ ಬೀಗ. ಬೀಗವಿಲ್ಲದವರು ಬಾಗಿಲಿಗೆ ಅಡ್ಡವಾಗಿ ಜಾಲಿಯ ಮುಳ್ಳುಕಂಟಿ ಇಟ್ಟು ದುಡಿಯಲು ಹೈದರಾಬಾದಿಗೆ ಹೋಗಿದ್ದರು. ಹಗಲಲ್ಲೂ ನಮ್ಮ ಗಾರೆಯವರ ಕರಣೆಯ ಸದ್ದು ಊರಿನ ಆ ತುದಿಗೆ ಹೋಗಿ ತಿರುಗಿ ಬರುತ್ತಿತ್ತು.

ಗೋಡೆ ಎದ್ದಿತು, ಗಿಲಾವು ಮುಗಿಯಿತು. ತೇವ ಆರದಂತೆ ಗೋಡೆಗೆ ಗೋಣಿಚೀಲ ಸುತ್ತಿದೆವು. ದೂರದ ಬಾವಿಯಿಂದ ಟ್ರ್ಯಾಕ್ಟರಿನಲ್ಲಿ ತರಿಸಿದ ನೀರು ಎರಡು ಡ್ರಮ್ಮಿನಲ್ಲಿತ್ತು. ಟ್ರ್ಯಾಕ್ಟರ್ ಬರುತ್ತಿದ್ದುದು ದಿನಕ್ಕೊಂದೇ ಸಲ. ನಾಲ್ಕನೇ ದಿನ ಅವ್ವ ಎಂಜಿನಿಯರರನ್ನು ಕಾಣಲು ಬೀದರಿಗೆ ಹೊರಟಳು. "ಸಂಜಿಗಿ ಬರ್ತೇನಿ. ಚೀಲ ಒಣಗಬಾರದು ನೋಡು" ಎಂದಷ್ಟೇ ಹೇಳಿದಳು.

ಮಧ್ಯಾಹ್ನ ತೊಟ್ಟಿಯ ಎದುರು ಮನೆಯ ಹೆಂಗಸು ಒಂದು ಕೊಡ ಹಿಡಿದು ಬಂದಳು. ಸರ್ಕಾರದ ಟ್ಯಾಂಕರ್ ಎರಡು ದಿನದಿಂದ ಬಂದಿರಲಿಲ್ಲ.

"ಅಕ್ಕಾ, ಒಂದ್ ಕೊಡ ಹಾಕ್ರಿ."

"ಇದು ಕೆಲಸದ ನೀರ್ರಿ. ಒಬ್ಬರಿಗೆ ಕೊಟ್ಟರ ಎಲ್ಲರೂ ಬರ್ತಾರ."

"ಎಲ್ಲರೂ ಅಂದ್ರ ಯಾರ್ರಿ? ಊರಾಗ ಯಾರ್ ಉಳದಾರ?"

ನಾನು ಚೊಂಬು ತುಂಬಿ ಗೋಡೆಗೆ ಸುರಿದೆ.

"ಚಲೋ ಆಯ್ತು ಬಿಡ್ರಿ," ಎಂದಳು. "ಈ ಗ್ವಾಡಿ ಪುಣ್ಯ ಮಾಡ್ಯಾದ."

ಅವಳು ಹೋಗಲಿಲ್ಲ. ಗೋಣಿಚೀಲದ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಕೊಡ ಇಟ್ಟು ಕುಕ್ಕರಗಾಲಿನಲ್ಲಿ ಕೂತಳು. ತಾಮ್ರದ ಕೊಡದ ತಳಕ್ಕೆ ಒಂದೊಂದೇ ಹನಿ ಬೀಳುವ ಸದ್ದು. ನಾನು ಗೋಡೆಯ ಇನ್ನೊಂದು ಬದಿಗೆ ಹೋಗಿ ನೀರು ಹಾಕುತ್ತಿದ್ದೆ. ತಿರುಗಿ ಬಂದಾಗ ಅವಳಿರಲಿಲ್ಲ. ಸಿಮೆಂಟಿನ ಬೂದು ಬಣ್ಣದ ನೀರನ್ನು ನೆಲಕ್ಕೆ ಚೆಲ್ಲಿ ಹೋಗಿದ್ದಳು.

ಸಂಜೆ ಅವ್ವ ಬಂದವಳೇ ಚಪ್ಪಲಿ ಬಿಡುತ್ತಾ ಹೇಳಿದಳು: "ಒಂದ್ ಮಾತು ಹೇಳೋದು ಮರೆತು ಹೋದೆ ನೋಡು. ಬಸ್ಸಿನಾಗ ಅದೇ ಚಿಂತಿ. ಯಾರರ ಕೊಡ ತಂದ್ರ ತುಂಬಿ ಕೊಡು. ನಾವು ಒಂದಿನ ಹೆಚ್ಚು ನಿಂತು ಗ್ವಾಡಿಗಿ ನೀರು ಹಾಕಿದ್ರಾಯ್ತು. ಯಾರರ ಬಂದಿದ್ರೇನು?"

"ಇಲ್ಲ" ಎಂದೆ.

ಬೆಳಿಗ್ಗೆ ಎದುರು ಮನೆಯ ಬಾಗಿಲಿಗೆ ಅಡ್ಡವಾಗಿ ಜಾಲಿ ಕಂಟಿ ಇತ್ತು. ಅವರು ಹೊರಡುವುದು ಮೊದಲೇ ನಿಶ್ಚಯವಾಗಿತ್ತೋ ಏನೋ. ಆ ನೀರು ದಾರಿಗೆ ಬೇಕಾಗಿತ್ತೋ ಏನೋ. ಕೇಳಲು ಯಾರೂ ಇರಲಿಲ್ಲ.

ತೊಟ್ಟಿ ಗಟ್ಟಿಯಾಗಿ ನಿಂತಿತು. ಎಂಜಿನಿಯರರು ನೀರು ತುಂಬಿಸಿ ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆದು ಹೋದರು. ಮೂರು ದಿನ ಬಿಟ್ಟು ಬಂದಾಗಲೂ ನೀರು ಗೆರೆಯಲ್ಲೇ ಇತ್ತು. ಅದರ ಮೇಲೆ ಅವ್ವನಿಗೆ ಇನ್ನೂ ಕೆಲಸಗಳು ಸಿಕ್ಕವು.

ಈಗ, ಗುತ್ತಿಗೆದಾರರಿಗೆ ಬರೀ ಹೆಸರು ಕೊಟ್ಟು ಮನೆಯಲ್ಲಿ ಕೂತ ಬೇರೆ ಹೆಂಗಸರು ಅವ್ವನನ್ನು ಹುಡುಕಿಕೊಂಡು ಬರುತ್ತಾರೆ. ಅವಳು ಅವರನ್ನು ಔರಾದಿನ ಆ ಊರಿಗೆ ಕರೆದುಕೊಂಡು ಹೋಗುತ್ತಾಳೆ. "ಒಂದ್ ಬಿರುಕು ತೋರಸ್ರಿ ನೋಡೋಣ. ನನ್ನ ಮಗಳು ನೀರು ಹಾಕ್ಯಾಳ" ಎಂದು ಗೋಡೆ ತಟ್ಟುತ್ತಾಳೆ. ಅವರು ನನ್ನ ಕಡೆ ತಿರುಗುತ್ತಾರೆ. ನಾನು ಯಾವ ಯಾವ ಕಾಗದ ಬೇಕು, ಅರ್ಜಿ ಹೇಗೆ ತುಂಬಬೇಕು ಎಂಬುದನ್ನು ಮಾತ್ರ ಹೇಳುತ್ತೇನೆ. ಎದುರು ಮನೆಗೆ ಬೆನ್ನು ಮಾಡಿ ನಿಂತೇ ಹೇಳುತ್ತೇನೆ.