ಸೈಡ್ ಎ, ನಾಲ್ಕುನೂರ ಹದಿನೇಳು

ನೀವು ಹೆಸರು ಒತ್ತಿ ಹಾಡು ಹುಡುಕುವಾಗ ಫೋನು ಹಾಡನ್ನು ಕೇಳಿಸಿಕೊಳ್ಳುವುದಿಲ್ಲ. ಹಾಡಿನ ಮೇಲೆ ಯಾರೋ ಅಂಟಿಸಿದ ಚೀಟಿಯನ್ನು ಓದುತ್ತದೆ, ಅಷ್ಟೆ. ಚೀಟಿ ಹರಿದಿದ್ದರೆ ಹಾಡು ಸಿಗುವುದಿಲ್ಲ. ಚೀಟಿ ಸುಳ್ಳಾಗಿದ್ದರೆ ಸುಳ್ಳೇ ಸಿಗುತ್ತದೆ. ಕೈಯಲ್ಲಿ ಸದಾ ಫೋನು ಹಿಡಿದು ತಿರುಗುವವರು ಇದು ಗೊತ್ತಿರಲಿಲ್ಲ ಅಂದರೆ ನಾಚಿಕೆ ಆಗಬೇಕು.

ಸರಳಾಗೆ ಇದು ಮೊದಲಿಂದಲೂ ಗೊತ್ತಿತ್ತು. 2009ರಲ್ಲಿ ಯಲಹಂಕ ಹಳೇ ಊರಿನ ಬಸ್ ಸ್ಟಾಪಿನ ಹಿಂದೆ ಅವಳು ರೀಚಾರ್ಜ್ ಅಂಗಡಿ ಇಟ್ಟಾಗ ಕೈಯಲ್ಲಿದ್ದದ್ದು ಒಂದು ಹಳೇ ಕಂಪ್ಯೂಟರು, ಎಸ್‌ಪಿ ರೋಡಿನಿಂದ ತಂದ ಒಂದು ಹಾರ್ಡ್ ಡಿಸ್ಕು, ಮತ್ತೆ ಪಿಯುಸಿ ಎರಡು ಸಲ ಫೇಲಾದವಳ ಮೊಂಡು ಧೈರ್ಯ. ಅದು ಮೆಮೊರಿ ಕಾರ್ಡಿನ ಕಾಲ. ಉಗುರಿನಷ್ಟು ಕಾರ್ಡು ತಂದುಕೊಟ್ಟರೆ ಅದಕ್ಕೆ ಮುನ್ನೂರು ಹಾಡು ತುಂಬಿಸಿ ಕೊಡುತ್ತಿದ್ದಳು. ಎಲ್ಲ ಕದ್ದ ಹಾಡುಗಳೇ. ಅದನ್ನು ಮುಚ್ಚಿಡುವುದು ಬೇಡ. ಆದರೆ ಅವಳ ಹಾಗೆ ಹಾಡು ಹುಡುಕಿಕೊಡುವವರು ಹೆಬ್ಬಾಳದಿಂದ ರಾಜಾನುಕುಂಟೆವರೆಗೆ ಇನ್ನೊಬ್ಬರಿರಲಿಲ್ಲ.

"ಅಕ್ಕಾ, ಹಳದಿ ಶರ್ಟ್ ಹಾಕ್ಕೊಂಡು ಬೈಕಲ್ಲಿ ಬರ್ತಾನಲ್ಲ, ಆ ಹಾಡು."

"ಹೀರೋ ಯಾರಪ್ಪ?"

"ಗೊತ್ತಿಲ್ಲಕ್ಕಾ. ಬೈಕ್ ಮಾತ್ರ ಪಲ್ಸರ್ರು."

ಅಷ್ಟು ಸಾಕಿತ್ತು. ಹಾಡಿನ ಹೆಸರು ಯಾರಿಗೂ ನೆನಪಿರಲ್ಲ ಅನ್ನುವುದನ್ನು ಅವಳು ಮೊದಲ ತಿಂಗಳಲ್ಲೇ ಕಲಿತಳು. ಜನಕ್ಕೆ ನೆನಪಿರುವುದು ಹಾಡು ಕೇಳಿದ ಜಾಗ, ಆಗ ಪಕ್ಕದಲ್ಲಿದ್ದವರು, ತಾವು ಉಟ್ಟಿದ್ದ ಬಟ್ಟೆ. ಹಾಗಾಗಿ ನಲವತ್ತು ಸಾವಿರ ಹಾಡನ್ನು ಅವಳು ತನ್ನದೇ ಲೆಕ್ಕಾಚಾರದಲ್ಲಿ ಫೋಲ್ಡರು ಮಾಡಿ ಇಟ್ಟಿದ್ದಳು. ಆಟೋ. ಮದುವೆ ಮನೆ. ಲವ್ ಫೇಲು. ಬೆಳಿಗ್ಗೆ ಆರು ಗಂಟೆ. ತಂಗಿ ಗಂಡನ ಮನೆಗೆ ಹೋಗೋದು. ಕಡೆಯ ಫೋಲ್ಡರಿನಲ್ಲಿ ಬರೀ ಹನ್ನೆರಡು ಹಾಡು, ಆದರೆ ಅದನ್ನು ಕೇಳಿ ಅಂಗಡಿಯಲ್ಲೇ ಅತ್ತುಬಿಟ್ಟ ಅಣ್ಣಂದಿರು ಎಷ್ಟೋ.

2017ರ ಹೊತ್ತಿಗೆ ಆ ಆಟ ಮುಗಿದಿತ್ತು. ಇಂಟರ್ನೆಟ್ಟು ಅಗ್ಗವಾಗಿ ಎಲ್ಲರೂ ಆಪಿನಲ್ಲೇ ಕೇಳತೊಡಗಿದ್ದರು. ಸರಳಾ ಜೆರಾಕ್ಸ್ ತೆಗೆಯುತ್ತಾ, ಫೋನಿಗೆ ಕವರು ಮಾರುತ್ತಾ ಕೂತಿದ್ದಳು. ಹಾರ್ಡ್ ಡಿಸ್ಕು ಕೌಂಟರಿನ ಕೆಳಗಿನ ಡ್ರಾಯರಿನಲ್ಲಿತ್ತು.

ಆ ವರ್ಷದ ಕಾರ್ತಿಕ ಮಾಸದಲ್ಲಿ ಒಂದು ಸೋಮವಾರ ಚಿಕ್ಕಜಾಲದ ಸೊಣ್ಣಮ್ಮ ಅಂಗಡಿಗೆ ಬಂದರು. ಐವತ್ತಮೂರು ವರ್ಷ, ಸೋಬಾನೆ ಹಾಡುವವರು. ಅವರ ಕಡೆ ಮದುವೆಗಳಲ್ಲಿ ಅರಿಶಿನ ಹಚ್ಚುವಾಗ ಸೊಣ್ಣಮ್ಮ ಬಂದ್ರಾ ಅಂತ ಕೇಳಿದ ಮೇಲೇ ಬಟ್ಟಲು ಕೈಗೆತ್ತಿಕೊಳ್ಳುತ್ತಿದ್ದರು. ಆವತ್ತು ಅವರ ಮುಖ ಕೆಂಡವಾಗಿತ್ತು.

"ನೀನೇನವ್ವ ಆಡು ಉಡುಕೋ ಸರಳಮ್ಮ?"

"ಹೌದಮ್ಮ, ಕೂತ್ಕೊಳಿ. ಏನಾಯ್ತು?"

ಆದದ್ದು ಇಷ್ಟು. ಊರಾಚೆಯ ಒಂದು ಕಾಲೇಜಿನಲ್ಲಿ ಸುತ್ತಲ ಹಳ್ಳಿಗಳ ಹಾಡು ಸೇರಿಸಿ ಪುಸ್ತಕ ಮಾಡುತ್ತಿದ್ದರು. ಸೊಣ್ಣಮ್ಮನನ್ನೂ ಕರೆಸಿದ್ದರು. ಅವರು ಹಸೆಗೆ ಕರೆಯುವ ಹಾಡು ಎತ್ತಿ ಎರಡು ಸೊಲ್ಲು ಮುಗಿಸುವಷ್ಟರಲ್ಲಿ ಒಬ್ಬ ವಿದ್ಯಾರ್ಥಿ ಫೋನು ಮೇಲೆತ್ತಿದ. ಅದೇ ಹಾಡು, ಅದೇ ಸೊಲ್ಲು, ಆಪಿನಲ್ಲಿ. ಹಾಡಿದವರು: ಕುಮಾರಿ ಶ್ರಾವಣಿ. "ಅಜ್ಜಿ ಯೂಟ್ಯೂಬ್ ನೋಡಿ ಕಲ್ತಿದಾರೆ ಗುರು" ಅಂತ ಹಿಂದಿನ ಬೆಂಚಿನಿಂದ ಯಾರೋ ಅಂದರು. ಎಲ್ಲ ನಕ್ಕರು. ಪುಸ್ತಕ ನೋಡಿಕೊಳ್ಳುತ್ತಿದ್ದ ಚನ್ನಕೇಶವ ಮೇಷ್ಟ್ರು ಹುಡುಗರನ್ನು ಗದರಿದರು, ಆದರೆ ಬರೆದುಕೊಂಡದ್ದು ಮಾತ್ರ ಹೀಗೆ: ಗಾಯಕಿ ಕುಮಾರಿ ಶ್ರಾವಣಿ, ಪದ ಹೇಳಿ ಬರೆಸಿದವರು ಸೊಣ್ಣಮ್ಮ. ಮುಂದಿನ ಮಂಗಳವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ.

"ಅದು ನನ್ ಗಂಟ್ಲು ಕಣವ್ವ" ಅಂದರು ಸೊಣ್ಣಮ್ಮ. "ಆ ಫೋನಾಗೆ ಆಡ್ತಿರೋಳು ನಾನೇ. ಆಗ ಮೂವತ್ತೆರಡು ವರ್ಸ ನಂಗೆ. ಆನಂದಪ್ಪನ ಕ್ಯಾಸೆಟ್ ಅಂಗ್ಡೀಲಿ ಕುಂತು ಆಡಿದ್ದು. ಈಗ ದನಿ ಒಡೆದೋಗೈತೆ ಅಂತ ಯಾವನೂ ನಂಬಾಕಿಲ್ಲ. ಆ ಕ್ಯಾಸೆಟ್ಟು ತಂದು ತೋರ್ಸು ತಾಯಿ ಅಂತಾನೆ ಮೇಷ್ಟ್ರು. ಎಲ್ಲಿಂದ ತರ್ಲಿ? ಆನಂದಪ್ಪಾನೇ ಓದ."

ಆನಂದಪ್ಪನ ಹೆಸರು ಕೇಳಿ ಸರಳಾ ಡ್ರಾಯರು ಎಳೆದು ಹಾರ್ಡ್ ಡಿಸ್ಕು ಹೊರಗಿಟ್ಟಳು.

ಆನಂದಪ್ಪ ಹಳೇ ಊರಿನಲ್ಲೇ ಇಪ್ಪತ್ತು ವರ್ಷ ಕ್ಯಾಸೆಟ್ಟು ಮಾರಿದವರು. ಅಂಗಡಿಯ ಹಿಂದಿನ ಕೋಣೆಗೆ ಕಂಬಳಿ ಹೊದಿಸಿ ಭಜನೆಯವರು, ಹರಿಕಥೆಯವರು, ಸೋಬಾನೆಯವರು ಎಲ್ಲರನ್ನೂ ಕೂರಿಸಿ ರೆಕಾರ್ಡ್ ಮಾಡುತ್ತಿದ್ದರು. ಅಂಗಡಿ ಮುಚ್ಚುವ ಮುಂಚೆ ಆರುನೂರ ಚಿಲ್ಲರೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದರು. ಪ್ರತಿ ಕ್ಯಾಸೆಟ್ಟಿಗೂ ಒಂದು ಫೋಲ್ಡರು, ಅದರ ಮೇಲೆ ಹಾಡಿದವರ ಹೆಸರು, ಊರು, ಕನ್ನಡದಲ್ಲಿ. ಒಳಗೆ ಎರಡೇ ಫೈಲು: ಸೈಡ್ ಎ, ಸೈಡ್ ಬಿ. ಅಷ್ಟನ್ನೂ ಸರಳಾಗೆ ಕೊಟ್ಟು, "ನಮ್ ಜನದ್ದು ಕಣಮ್ಮ, ಇಟ್ಕೋ" ಅಂದಿದ್ದರು. 2014ರಲ್ಲಿ ತೀರಿಕೊಂಡರು.

ಸರಳಾ ಇಟ್ಟುಕೊಂಡಿದ್ದಳು. ಆದರೆ 2012ರಲ್ಲಿ ಒಂದು ಕೆಲಸ ಮಾಡಿದ್ದಳು. ಆಗಿನ ಅಗ್ಗದ ಫೋನುಗಳಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡದಲ್ಲಿ ಬರೆದ ಫೋಲ್ಡರಿನ ಹೆಸರು ಸಾಲಾಗಿ ಖಾಲಿ ಡಬ್ಬಗಳಾಗಿ ಕಾಣುತ್ತಿತ್ತು. "ಅಕ್ಕಾ ಕಾರ್ಡಿಗೆ ವೈರಸ್ ಹಾಕ್ಬಿಟ್ಟಿದೀಯ" ಅಂತ ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು. ಬೇಸತ್ತು ಅವಳು ಕನ್ನಡ ಹೆಸರಿನ ಫೋಲ್ಡರುಗಳ ಹಾಡನ್ನೆಲ್ಲ ಎತ್ತಿ ಒಂದೇ ಫೋಲ್ಡರಿಗೆ ಸುರಿದಳು. ಅದಕ್ಕೆ ಇಂಗ್ಲಿಷಿನಲ್ಲಿ ಜಾನಪದ ಅಂತ ಹೆಸರಿಟ್ಟಳು. ಒಂದೇ ಹೆಸರಿನ ಫೈಲು ಬಂದರೆ ಕಂಪ್ಯೂಟರು ತಾನೇ ನಂಬರು ಹಾಕುತ್ತದಲ್ಲ? ಹಾಗೆ ಸೈಡ್ ಎ ಒಂದು, ಸೈಡ್ ಎ ಎರಡು, ಸೈಡ್ ಎ ಆರುನೂರ ನಲವತ್ತು. ಬರಿದಾದ ಫೋಲ್ಡರುಗಳನ್ನು ಒಂದೇ ಏಟಿಗೆ ಡಿಲೀಟ್ ಮಾಡಿದಳು. ಆರುನೂರ ನಲವತ್ತು ಮೇಳಗಳ ಹೆಸರು ಹೋಗಲು ಒಂದು ನಿಮಿಷ ಹಿಡಿಯಲಿಲ್ಲ. ಅವತ್ತು ಅವಳಿಗೆ ಮನೆ ಗುಡಿಸಿದಷ್ಟು ಸಮಾಧಾನ ಆಗಿತ್ತು.

ಸರಳಾ ಇದನ್ನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಸೊಣ್ಣಮ್ಮ ಎಲ್ಲ ಕೇಳಿಸಿಕೊಂಡರು.

"ಅಂಗಾದ್ರೆ ನನ್ನೆಸ್ರು ನಿನ್ ಹತ್ರ ಇತ್ತು. ಡಬ್ಬ ಅಂತ ಎಸೆದ್ಬುಟ್ಟೆ."

"ಹೌದಮ್ಮ."

"ಆಡು?"

"ಹಾಡು ಇದೆ. ಎಲ್ಲಿದೆ ಅಂತ ಗೊತ್ತಿಲ್ಲ."

"ಉಡುಕು ಮತ್ತೆ" ಅಂದು ಸೊಣ್ಣಮ್ಮ ಸ್ಟೂಲು ಎಳೆದುಕೊಂಡು ಕೂತರು.

ಸಾವಿರದ ಇನ್ನೂರ ಎಂಬತ್ತು ಫೈಲು, ಒಂದೊಂದು ಅರ್ಧ ಗಂಟೆ. ಹಗಲೂ ರಾತ್ರಿ ಕೇಳಿದರೂ ಒಂದು ತಿಂಗಳು ಬೇಕು. ಇದ್ದದ್ದು ಎಂಟು ದಿನ. ಮೊದಲು ಸೊಣ್ಣಮ್ಮ ಅಂತ ಟೈಪ್ ಮಾಡಿ ನೋಡಿದಳು: ಏನೂ ಇಲ್ಲ. ಸೋಬಾನೆ ಅಂತ ಹುಡುಕಿದರೆ ಬರೀ ಸಿನಿಮಾ ಹಾಡು. ತಾರೀಖಿನ ಪ್ರಕಾರ ಜೋಡಿಸಿದಳು. ಅದು ಆನಂದಪ್ಪ ಕಂಪ್ಯೂಟರಿಗೆ ಇಳಿಸಿದ ತಾರೀಖು, ಹಾಡಿದ್ದಲ್ಲ. ಆಮೇಲೆ ಪ್ರತಿ ಫೈಲಿನ ಮಧ್ಯಕ್ಕೆ ಹಾರಿ ಹತ್ತು ಸೆಕೆಂಡು ಕೇಳಿ ಮುಂದೆ ಹೋಗುವ ಉಪಾಯ ಹಿಡಿದಳು. ಎರಡು ದಿನದಲ್ಲಿ ಕಿವಿ ಮರಗಟ್ಟಿತು. ಸೋಬಾನೆಯ ದನಿಗಳು ನೂರಾರಿದ್ದವು, ಮೂವತ್ತೆರಡರ ಸೊಣ್ಣಮ್ಮ ಯಾರೆಂದು ಅವಳಿಗೆ ಹೇಗೆ ತಿಳಿಯಬೇಕು?

ಸಂಜೆ ಶರಣು ಬಂದ. ಕಲಬುರಗಿ ಕಡೆಯ ಹುಡುಗ, ದೊಡ್ಡಬಳ್ಳಾಪುರ ರಸ್ತೆಯ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸ, ಯಲಹಂಕದ ಪಕ್ಕದ ಸಿಂಗಾಪುರ ಅನ್ನೋ ಹಳ್ಳಿಯಲ್ಲಿ ರೂಮು. ಜೆರಾಕ್ಸಿಗೆ ಬಂದವನು ವಿಷಯ ಕೇಳಿ ತನ್ನ ಫೋನಿನ ಆಪು ತೆಗೆದ.

"ಈ ಕುಮಾರಿ ಶ್ರಾವಣಿ ಅವ್ರು ನೂರಾ ನಲವತ್ತು ಹಾಡು ಹಾಡ್ಯಾರ ನೋಡ್ರಿ ಅಕ್ಕಾರ. ಭಾರಿ ಬಿಡ್ರಿ."

ಸರಳಾ ಇಯರ್ ಫೋನು ಹಾಕಿಕೊಂಡು ಒಂದೊಂದಾಗಿ ಕೇಳಿದಳು. ನಾಲ್ಕನೆಯ ಹಾಡಿಗೆ ಹುಬ್ಬು ಗಂಟಿಕ್ಕಿತು. ಇಪ್ಪತ್ತನೆಯದಕ್ಕೆ ನಗು ಬಂತು.

"ಶರಣು, ಇವಳಿಗೆ ಹನ್ನೊಂದು ಗಂಟಲು ಇದೆ ಕಣೋ."

"ಹ್ಞಾಂ?"

"ಹನ್ನೊಂದು ಬೇರೆ ಬೇರೆ ಹೆಂಗಸ್ರು. ಒಬ್ಳು ಮೂಗಲ್ಲಿ ಹಾಡ್ತಾಳೆ, ಒಬ್ಳಿಗೆ ಹಲ್ಲಿಲ್ಲ. ಯಾವನೋ ಹಳೇ ಕ್ಯಾಸೆಟ್ ಎಲ್ಲ ತುಂಡು ಮಾಡಿ ಹಾಕಿ, ಕೊಡ ಹಿಡ್ಕೊಂಡಿರೋ ಹುಡುಗಿ ಫೋಟೋ ಅಂಟಿಸಿದಾನೆ."

"ಅಂದ್ರ ಆ ಶ್ರಾವಣಿ?"

"ಹುಟ್ಟೇ ಇಲ್ಲ ಅವಳು."

ಗುರುವಾರ ಸರಳಾ ಗಿರಾಕಿಗಳ ಜೊತೆ ಮಾಡುತ್ತಿದ್ದುದನ್ನೇ ಸೊಣ್ಣಮ್ಮನ ಜೊತೆಯೂ ಮಾಡಿದಳು. ಹಾಡಿನ ವಿಷಯ ಬಿಟ್ಟಳು. ಆ ದಿನದ ವಿಷಯ ಕೇಳಿದಳು. ಏನು ಉಟ್ಟಿದ್ರಿ? ಯಾರ್ಯಾರು ಬಂದಿದ್ರಿ? ತಿಂಡಿ ಏನು ಕೊಡಿಸಿದ್ರು?

"ನಾವು ನಾಕು ಜನ. ನಾನು, ಮಾರಕ್ಕ, ಪಿಳ್ಳಮ್ಮ, ಅಕ್ಕಯ್ಯಮ್ಮ. ಮಾರಕ್ಕಂಗೆ ನೆಗಡಿ, ಒಂದೇ ಸಮ ಕೆಮ್ಮು. ಆನಂದಪ್ಪ ಬಯ್ಯೋನು. ಇಡ್ಲಿ ತರಿಸ್ದ. ತಿಂದು ಕುಂತು ಶುರು ಮಾಡಿದ್ವಿ, ಕರೆಂಟು ಓಯ್ತು."

"ಯಾವಾಗ ಹೋಯ್ತು? ಹಾಡೋಕೆ ಮುಂಚೇನಾ?"

"ಇಲ್ಲ ಕಣವ್ವ, ಆಡ್ತಾ ಆಡ್ತಾನೇ ಓಯ್ತು. ಅರ್ಧಕ್ಕೇ ನಿಂತೋಯ್ತು. ಬರೋವರ್ಗೂ ಕುಂತಿದ್ದು ಉಳಿದಿದ್ನ ಕ್ಯಾಸೆಟ್ಟಿನ ಇನ್ನೊಂದ್ ಮಗ್ಗುಲಿಗೆ ಆಡುದ್ವಿ."

ಸರಳಾ ಕಂಪ್ಯೂಟರಿನ ಕಡೆ ತಿರುಗಿದಳು. ಕರೆಂಟು ಹೋದ ಕ್ಯಾಸೆಟ್ಟು ಅರ್ಧ ಗಂಟೆ ಇರಲು ಸಾಧ್ಯವೇ ಇಲ್ಲ. ಫೈಲುಗಳನ್ನು ಉದ್ದದ ಪ್ರಕಾರ ಜೋಡಿಸಿದಳು, ಗಿಡ್ಡದ್ದು ಮೇಲೆ. ಹದಿನೈದು ನಿಮಿಷಕ್ಕಿಂತ ಕಡಿಮೆ ಇದ್ದವು ಮೂವತ್ತೊಂದು. ಆ ಮೂವತ್ತೊಂದರ ಕೊನೆಯನ್ನಷ್ಟೇ ಕೇಳುತ್ತಾ ಹೋದಳು. ಹದಿನಾಲ್ಕನೆಯದು, ಸೈಡ್ ಎ ನಾಲ್ಕುನೂರ ಹದಿನೇಳು. ಕೊನೆಯಲ್ಲಿ ನಾಲ್ಕು ಹೆಂಗಸರ ದನಿ ಇದ್ದಕ್ಕಿದ್ದಂತೆ ಇಲಿಮರಿಗಳ ಕೀಚಲಾಗಿ ಮೇಲಕ್ಕೇರಿ ಟಕ್ ಅಂತ ನಿಂತುಹೋಯಿತು. ಕರೆಂಟು ಹೋದಾಗ ಟೇಪು ನಿಧಾನವಾಗಿ ಸುತ್ತಿ ನಿಲ್ಲುತ್ತದೆ. ಅದನ್ನು ಮತ್ತೆ ಮಾಮೂಲಿ ವೇಗದಲ್ಲಿ ಹಾಕಿದರೆ ದನಿ ಹೀಗೆ ಕೀಚಲಾಗುತ್ತದೆ.

ಮೊದಲಿಂದ ಹಾಕಿದಳು. ಹಾಡಿಗೆ ಮುಂಚೆ ಆನಂದಪ್ಪನ ಗದರಿಕೆ.

"ಸೊಣ್ಣಮ್ಮ, ಬಳೆ ತೆಗೆದಿಡಮ್ಮ, ಮೈಕಿಗೆ ಬಡೀತದೆ."

ಅದಕ್ಕೆ ಒಂದು ಎಳೆಯ, ಕಂಚಿನಂಥ ದನಿ: "ಬಳೆ ತೆಗೆದು ಸೋಬಾನೆ ಆಡೋಳು ಯಾವೂರಾಗೂ ಇಲ್ಲ ಅಣ್ಣೋ. ನಿನ್ ಮೈಕೇ ಆಚೆಗಿಕ್ಕು."

ಸ್ಟೂಲಿನ ಮೇಲಿದ್ದ ಸೊಣ್ಣಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಎಷ್ಟು ಕೊಬ್ಬಿತ್ತು ನೋಡೇ ನಂಗೆ!"

ಶನಿವಾರ ಇಬ್ಬರೂ ಕಾಲೇಜಿಗೆ ಹೋದರು. ಸರಳಾ ಮೇಷ್ಟ್ರ ಮೇಜಿನ ಮೇಲೆ ಆಪಿನ ತುಂಡನ್ನೂ ತನ್ನ ಫೈಲನ್ನೂ ಒಂದರ ಹಿಂದೆ ಒಂದು ಹಾಕಿದಳು. ಎರಡನೆಯ ಸೊಲ್ಲಿನ ಕೊನೆಗೆ ಇದರಲ್ಲೂ ಮಾರಕ್ಕನ ಕೆಮ್ಮು, ಅದರಲ್ಲೂ ಮಾರಕ್ಕನ ಕೆಮ್ಮು. ಮೂರನೆಯದಕ್ಕೆ ಎರಡರಲ್ಲೂ ಬಳೆಯ ಸದ್ದು. ಫೈಲಿನ ಮೊದಲಲ್ಲಿ ಆನಂದಪ್ಪ ಸೊಣ್ಣಮ್ಮ ಅಂತ ಹೆಸರು ಹಿಡಿದು ಗದರಿದ್ದೂ ಇತ್ತು. ಚನ್ನಕೇಶವ ಮೇಷ್ಟ್ರು ಎರಡು ಸಲ ಕೇಳಿದರು. ಕನ್ನಡಕ ತೆಗೆದರು.

"ತಪ್ಪಾಯ್ತು ತಾಯಿ. ನಿಮ್ಮ ಹೆಸರೇ ಹಾಕ್ತೀವಿ."

ಅಲ್ಲೇ ತಿದ್ದಿ ತೋರಿಸಿದರು. ಸೊಣ್ಣಮ್ಮಂಗೆ ಓದು ಬರುವುದಿಲ್ಲ. ಸರಳಾ ಓದಿದಳು: ಗಾಯಕಿ, ಸೊಣ್ಣಮ್ಮ, ಚಿಕ್ಕಜಾಲ.

"ಮಾರಕ್ಕ ಎಲ್ಲಿ?"

"ಒಂದು ಹಾಡಿಗೆ ಒಂದೇ ಸಾಲು ತಾಯಿ. ಮುಖ್ಯ ಗಾಯಕಿ ಅಂತ ನಿಮ್ಮದು..."

"ಮೇಷ್ಟ್ರೇ, ಈಗ ನೀವು ನನ್ನ ನಂಬಿದ್ದು ಯಾರ ಕೆಮ್ಮಿಂದ? ಸೋಬಾನೆ ಒಬ್ಳು ಆಡೋದಲ್ಲ. ನಾನು ಎತ್ತಿಕೊಟ್ರೆ ಅವ್ರು ಮೂವರು ಒತ್ಕೊಂಡ್ ಓಗ್ಬೇಕು. ಅವ್ರ ಎಸ್ರು ಬುಟ್ರೆ ನಾನೂ ಆ ಕೊಡದ ಉಡುಗೀನೂ ಒಂದೇ ಆಗೋಗ್ತೀವಿ. ಜಾಗ ಇಲ್ದಿದ್ರೆ ನಂದೂ ತೆಗೀರಿ."

ಡಿಲೀಟ್ ಒತ್ತಿದ್ದ ಸರಳಾನೇ ಆ ಮೂವರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಮೇಷ್ಟ್ರ ಮುಂದಿಟ್ಟಳು. ಮೇಷ್ಟ್ರು ಅಕ್ಷರ ಸಣ್ಣದು ಮಾಡಿದರು. ಸಾಲು ಎರಡಾಯಿತು. ನಾಲ್ಕು ಹೆಸರೂ ಅಚ್ಚಾದವು.

ಆಪಿನವರಿಗೆ ಶರಣು ಮೂರು ಸಲ ಬರೆದ. ವಿವರ ಕೊಟ್ಟದ್ದು ಹಾಡಿನ ಮಾಲೀಕರು, ನಮ್ಮದೇನೂ ಇಲ್ಲ ಅಂತ ಮೂರು ಸಲವೂ ಒಂದೇ ಉತ್ತರ. 2019ರಲ್ಲೂ ಅಲ್ಲಿ ಕುಮಾರಿ ಶ್ರಾವಣಿಯೇ ಹಾಡುತ್ತಿದ್ದಾಳೆ, ಹನ್ನೊಂದು ಗಂಟಲಿನಲ್ಲಿ. ಇತ್ತ ಸರಳಾ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ದಿನಕ್ಕೆ ಎರಡು ಸೈಡು ಕೇಳುತ್ತಾಳೆ. ವಾರಕ್ಕೊಮ್ಮೆ ಸೊಣ್ಣಮ್ಮ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. "ಇದು ಬಾಗಲೂರು ಕಡೆ ರಾಗ", "ಇವಳು ನಮ್ಮ ಚಿಕ್ಕಬೈರಪ್ಪನ ಅತ್ತಿಗೆ ಕಣೇ." ಎರಡು ವರ್ಷದಲ್ಲಿ ನೂರ ಎಂಬತ್ತು ಫೈಲಿಗೆ ಹೆಸರು ಬಂದಿದೆ. ಎಷ್ಟೋ ದನಿಗಳನ್ನು ಗುರುತು ಹಿಡಿಯುವವರೇ ಈಗ ಉಳಿದಿಲ್ಲ. ಅವು ಇಂಪಾಗಿ ಹಾಡುತ್ತಿವೆ, ಯಾರು ಅಂತ ಕೇಳಿದರೆ ನಂಬರು.

ಮದುವೆ ಮನೆಯಲ್ಲಿ ಹೆಂಗಸರು ಹಾಡಲು ಕೂತಾಗ ನೀವು ಫೋನು ಎತ್ತಿ ಹಿಡಿಯುತ್ತೀರಿ, ಮುಗಿಯುವ ಮುಂಚೆಯೇ ಹತ್ತು ಗ್ರೂಪಿಗೆ ಕಳಿಸುತ್ತೀರಿ. ಇನ್ನು ಮೇಲೆ ಕಳಿಸುವ ಮುಂಚೆ ಎದ್ದು ಅವರ ಹತ್ತಿರ ಹೋಗಿ. ಒಬ್ಬೊಬ್ಬರ ಹೆಸರನ್ನೂ ಊರನ್ನೂ ಕೇಳಿ, ಎಲ್ಲರದ್ದೂ ಬರೆದುಕೊಳ್ಳಿ. ಕೇಳುವುದಕ್ಕೆ ಪುರುಸೊತ್ತಿಲ್ಲವೇ? ಹಾಗಾದರೆ ಫೋನು ಕೆಳಗಿಳಿಸಿ.