ಎಮ್ಮೆ ಮಾಮನ ಕಟಿಂಗ್ ಅಂಗಡಿ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಎಮ್ಮೆ ಮಾಮ ಅಂತ. ಹೊಸದಾಗಿ ಬಂದವರು ಇದೇನು ಬೈಗುಳವೋ ಹೆಸರೋ ಅಂತ ತಬ್ಬಿಬ್ಬಾಗುತ್ತಾರೆ. ಯಾಕೆಂದರೆ ಆಸಾಮಿಯಲ್ಲಿ ಎಮ್ಮೆಯ ಲಕ್ಷಣ ಒಂದೂ ಇಲ್ಲ. ಮೈ ಕಡ್ಡಿಯ ಹಾಗೆ, ನಡಿಗೆ ಚುರುಕು, ಕತ್ತರಿ ಹಿಡಿದರೆ ಕೈ ಗುಬ್ಬಚ್ಚಿ ಕಾಳು ಹೆಕ್ಕಿದಂತೆ ಓಡುತ್ತದೆ. ಈ ಹೆಸರು ಅವನಿಗೆ ಅಂಟಿಸಿದ್ದು ಮಕ್ಕಳು. ಅದಕ್ಕೆ ಕಾರಣ ರಟ್ಟಿಲ್ಲದ ಒಂದು ಚಿತ್ರದ ಪುಸ್ತಕ.

ಅಂಗಡಿ ಅವನ ಅಪ್ಪನದು. ಸೈಕಲ್ ರಿಪೇರಿಯವನ ಪಕ್ಕದಲ್ಲಿ, ಉದ್ದಕ್ಕೆ ರೈಲು ಡಬ್ಬಿಯಂತಿರುವ ಕೋಣೆ. ಎರಡು ತಿರುಗು ಕುರ್ಚಿ, ಗೋಡೆ ತುಂಬ ಕನ್ನಡಿ, ಮೇಲಿನ ಮಹಡಿಯಲ್ಲಿ ಮನೆ. ಮಕ್ಕಳು ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಒಂದು ಹಲಗೆ ಅಡ್ಡ ಇಟ್ಟು ಅದರ ಮೇಲೆ ಕೂರಿಸಬೇಕು. ಅಪ್ಪನ ಕಾಲದಲ್ಲಿ ಆ ಹಲಗೆ ಅಂದರೆ ಕುಸ್ತಿ ಕಣ. ಅಪ್ಪ ಎಡಗೈಯಲ್ಲಿ ಮಗುವಿನ ತಲೆಯನ್ನು ತೆಂಗಿನಕಾಯಿ ಹಿಡಿದ ಹಾಗೆ ಹಿಡಿದು, ಬಲಗೈಯಲ್ಲಿ ಕೆಲಸ ಮುಗಿಸಿ, ಕೊನೆಗೆ ಕಿವಿ ಹಿಂಡಿ ಇಳಿಸುತ್ತಿದ್ದ. ಸ್ವಂತ ಮಗನಿಗೂ ಅದೇ ಉಪಚಾರ. ಅದಕ್ಕೇ ಏನೋ, ಅಪ್ಪನ ಕೈ ನಡುಗತೊಡಗಿ ಕತ್ತರಿ ತನ್ನ ಕೈಗೆ ಬಂದಾಗ ಮಗ ಒಂದು ನಿರ್ಧಾರ ಮಾಡಿಕೊಂಡ: ಯಾವ ಮಗುವಿನ ತಲೆಯನ್ನೂ ಅದುಮಿ ಹಿಡಿಯುವುದಿಲ್ಲ.

ನಿರ್ಧಾರವೇನೋ ದೊಡ್ಡದು. ಆದರೆ ಅದುಮಿ ಹಿಡಿಯದಿದ್ದರೆ ಮಕ್ಕಳು ಕೂರಬೇಕಲ್ಲ? ಮಷಿನ್ ಗುರ್ ಅಂದ ತಕ್ಷಣ ಹಲಗೆಯಿಂದ ಜಾರಿ, ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಬೀದಿಗೆ ಓಡುತ್ತಿದ್ದವು. ತಲೆಯ ಒಂದು ಪಕ್ಕ ಕಾಡು, ಇನ್ನೊಂದು ಪಕ್ಕ ಬಯಲು. ಹಿಂದೆ ಅಮ್ಮ, ಅವಳ ಹಿಂದೆ ಬಾಚಣಿಗೆ ಹಿಡಿದ ಇವನು. ಸೈಕಲ್ ರಿಪೇರಿಯವನಿಗೆ ಇದಕ್ಕಿಂತ ಒಳ್ಳೆಯ ಸಿನಿಮಾ ಬೇಕಿರಲಿಲ್ಲ. ಪಂಕ್ಚರ್ ಹಾಕುವುದು ಬಿಟ್ಟು ಎದ್ದು ನಿಂತು ನೋಡುತ್ತಿದ್ದ. ತಾಯಂದಿರು ಮೆಲ್ಲಗೆ ಬಸ್ ನಿಲ್ದಾಣದ ಹತ್ತಿರದ ಅಂಗಡಿಯ ಕಡೆ ಮುಖ ಮಾಡಿದರು.

ಆ ಮಕ್ಕಳಲ್ಲೆಲ್ಲ ರಾಣಿಯಂಥವಳು ಒಬ್ಬಳಿದ್ದಳು. ಗುಂಗುರು ಕೂದಲಿನ, ಇನ್ನೂ ಶಾಲೆಗೆ ಸೇರದ ಹುಡುಗಿ. ಅವಳು ಬಾಯಿ ತೆಗೆದರೆ ಬೀದಿಯ ಆ ತುದಿಯಲ್ಲಿ ನಾಯಿಗಳು ಎದ್ದು ಕೂರುತ್ತಿದ್ದವು. ಎಲ್ಲರೂ ಅವಳನ್ನು ಸೈರನ್ ಅಂತಲೇ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಅವಳ ಅಮ್ಮ ಅವಳನ್ನು ಹೊತ್ತು ತಂದು ಹಲಗೆಯ ಮೇಲೆ ಕೂರಿಸಿದಳು. ಕತ್ತರಿ ಇನ್ನೂ ಡ್ರಾಯರಿನಿಂದ ಹೊರಗೆ ಬಂದಿಲ್ಲ, ಸೈರನ್ ಶುರುವಾಯಿತು.

ಅದೇ ಹೊತ್ತಿಗೆ ಅವನ ಹೆಂಡತಿ ಕೆಲಸ ಮುಗಿಸಿ ಬಂದಳು. ಅವಳು ಶಿಶುವಿಹಾರದಲ್ಲಿ ಟೀಚರ್. ಅವಳ ಚೀಲದಲ್ಲಿ ಶಾಲೆಯವರು ರದ್ದಿಗೆ ಹಾಕಿದ್ದ ಒಂದು ಪುಸ್ತಕವಿತ್ತು. ರಟ್ಟು ಹೋಗಿತ್ತು, ಮೂಲೆಗಳನ್ನು ಯಾವುದೋ ಮಗು ಜಗಿದಿತ್ತು. ಅಂಟು ಹಾಕಿ ನೋಡೋಣ ಅಂತ ತಂದಿದ್ದಳು. ಈ ಗಲಾಟೆ ನೋಡಿ ಅವಳು ಪುಸ್ತಕ ತೆಗೆದು, ಕನ್ನಡಿಯ ಮುಂದಿನ ಕಟ್ಟೆಯ ಮೇಲೆ, ಪೌಡರ್ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು.

ಪುಟದ ತುಂಬ ಒಂದು ಎಮ್ಮೆ. ಬೂಟಿನ ಅಂಗಡಿಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿದೆ. ಮುಂದಿನ ಅರ್ಧ ಒಳಗೆ, ಹಿಂದಿನ ಅರ್ಧ ಹೊರಗೆ.

ಸೈರನ್ ನಿಂತಿತು.

ಟೀಚರ್ ಓದಿದಳು. ಎಮ್ಮೆಗೆ ಕೆಸರಲ್ಲಿ ಕಾಲು ಇಟ್ಟು ಇಟ್ಟು ಬೇಜಾರಾಗಿ, ಬೂಟು ಕೊಳ್ಳಲು ಪೇಟೆಗೆ ಬಂದಿದೆ. ಅಂಗಡಿಯವನು ಒಂದು ಜೊತೆ ತೆಗೆದಿಟ್ಟರೆ ಎಮ್ಮೆ ಹೇಳುತ್ತದೆ: ‘ಎರಡು ಸಾಲದು, ನಾಲ್ಕು ಬೇಕು.’ ಕೆಂಪು ಬೂಟಾದರೆ ಎರಡೇ ಇವೆ, ಹಳದಿಯಾದರೆ ಎರಡೇ ಇವೆ, ಪ್ರತಿ ಪುಟದಲ್ಲೂ ಎಮ್ಮೆ ಅದೇ ಮಾತು ಹೇಳುತ್ತದೆ. ಮೂರನೆಯ ಸಲ ಬರುವಷ್ಟರಲ್ಲಿ ಸೈರನ್ ಕೂಡ ಹೇಳತೊಡಗಿದ್ದಳು.

ಆಗಲೇ ಅವನು ಒಂದು ವಿಷಯ ಗಮನಿಸಿದ. ಎಮ್ಮೆ ಬೂಟು ನೋಡಲು ತಲೆ ಬಗ್ಗಿಸುವ ಪುಟ ಬಂದಾಗ ಹುಡುಗಿಯೂ ತಲೆ ಬಗ್ಗಿಸಿದಳು. ಅವನು ಸಟ್ಟನೆ ಕುತ್ತಿಗೆಯ ಹಿಂದಿನ ಕೂದಲು ತೆಗೆದ. ಎಮ್ಮೆ ಮೇಲಿನ ಕಪಾಟು ನೋಡಿದಾಗ ಅವಳೂ ಗಲ್ಲ ಎತ್ತಿದಳು; ಹಣೆಯ ಕೂದಲು ಮುಗಿಯಿತು. ಎಮ್ಮೆ ಬಲಕ್ಕೆ ತಿರುಗಿದಾಗ ಎಡಗಿವಿ ಸಿಕ್ಕಿತು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಏನೂ ಆಗುವುದಿಲ್ಲ ಅನ್ನುತ್ತಾರೆ; ಇಲ್ಲಿ ಎಮ್ಮೆಯೇ ಕಿನ್ನರಿ ಬಾರಿಸುತ್ತಿತ್ತು, ಮಗು ಕುಣಿಯುತ್ತಿತ್ತು.

ಕೊನೆಗೆ ಎಮ್ಮೆಗೆ ಹಸಿರು ಬಣ್ಣದ ನಾಲ್ಕು ಬೂಟು ಸಿಕ್ಕವು. ಹಾಕಿಕೊಂಡು ಟಕಟಕ ಅಂತ ಹೊರಟಿತು. ಕೆರೆಯ ದಂಡೆಗೆ ಬಂದು ನಿಂತಿತು. ನೀರು ನೋಡಿತು. ಬೂಟು ನೋಡಿತು.

ಅಲ್ಲಿಗೆ ಪುಸ್ತಕ ಮುಗಿಯಿತು. ಮುಗಿಯಿತು ಅಂದರೆ, ಕೊನೆಯ ಹಾಳೆ ಇರಲಿಲ್ಲ. ಎಂದೋ ಕಿತ್ತು ಹೋಗಿತ್ತು. ಟೀಚರ್ ಶಾಲೆಗೆ ಸೇರುವ ಮೊದಲೇ ಹೋಗಿದ್ದರಿಂದ ಅವಳೂ ಅದನ್ನು ಕಂಡಿರಲಿಲ್ಲ.

“ಆಮೇಲೆ?” ಅಂದಳು ಸೈರನ್.

ಬಲಗಿವಿಯ ಪಕ್ಕ ಪೂರ್ತಿ ಕೂದಲು ಹಾಗೇ ಉಳಿದಿತ್ತು. ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು. ಹುಡುಗಿಯ ಕೆಳತುಟಿ ಮುಂದೆ ಬರತೊಡಗಿತು. ಅವನ ಬಾಯಿಂದ ತಾನೇ ತಾನಾಗಿ ಮಾತು ಹೊರಟಿತು: ಎಮ್ಮೆ ಬೂಟಿನ ಸಮೇತ ದುಡುಮ್ಮನೆ ಕೆರೆಗೆ ಹಾರಿತು, ಬೂಟಿಗೆಲ್ಲ ನೀರು ನುಗ್ಗಿತು, ಒಂದೊಂದು ಬೂಟಿನಲ್ಲಿ ಒಂದೊಂದು ಮೀನಿನ ಸಂಸಾರ ಬಂದು ಸೇರಿತು, ಇವತ್ತಿಗೂ ಎಮ್ಮೆ ಬಾಡಿಗೆ ಕೇಳುತ್ತಿದೆ, ಮೀನುಗಳು ನಾಳೆ ನಾಳೆ ಅನ್ನುತ್ತಿವೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ನಗುವ ತಲೆಯ ಕೂದಲು ಕತ್ತರಿಸುವುದು ಅಳುವ ತಲೆಯದಕ್ಕಿಂತ ಕಷ್ಟ, ಆದರೂ ಬಲಗಡೆ ಮುಗಿಯಿತು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಬಸ್ ನಿಲ್ದಾಣದ ಕಡೆ ಹೋಗಿದ್ದ ತಾಯಂದಿರು ತಿರುಗಿ ಬಂದರು. ಅವನು ಮರದ ಚಿಕ್ಕ ಸ್ಟ್ಯಾಂಡ್ ಮಾಡಿಸಿ ಕನ್ನಡಿಯ ಮುಂದೆ ಇಟ್ಟ. ಪುಟ ತಿರುಗಿಸುವುದು ಮಗುವಿನ ಅಮ್ಮನೋ ಅಜ್ಜನೋ, ಕಥೆ ಹೇಳುವುದು ಅವನು. ಪುಸ್ತಕ ನೋಡಬೇಕಾದ ಅಗತ್ಯವೇ ಇರಲಿಲ್ಲ; ಕತ್ತರಿಯ ಕಿಚಕಿಚ, ಎಮ್ಮೆಯ ಟಕಟಕ ಎರಡೂ ಒಟ್ಟಿಗೆ ಓಡುತ್ತಿದ್ದವು.

ಒಂದು ಮಾತೂ ಬದಲಾಯಿಸುವಂತಿರಲಿಲ್ಲ. ಒಮ್ಮೆ ಅವಸರದಲ್ಲಿ ಹಳದಿ ಬೂಟಿನ ಪುಟ ಹಾರಿಸಿದ್ದಕ್ಕೆ, ಬಟ್ಟೆಯೊಳಗಿಂದ ಒಂದು ಪುಟ್ಟ ಕೈ ಹೊರಬಂದು ಪುಟ ಹಿಂದಕ್ಕೆ ತಿರುಗಿಸಿತು. ಇನ್ನೊಂದು ಮಗು ಅವನಿಗೆ ಕಪ್ಪೆ ತೋರಿಸಿಕೊಟ್ಟಿತು. ಅಷ್ಟು ಕಾಲ ಅವನು ಅದನ್ನು ಕಂಡೇ ಇರಲಿಲ್ಲ! ಪ್ರತಿ ಚಿತ್ರದ ಯಾವುದೋ ಮೂಲೆಯಲ್ಲಿ, ಡಬ್ಬಿಯ ಹಿಂದೆ, ಅಂಗಡಿಯವನ ಜೇಬಿನಲ್ಲಿ, ಎಮ್ಮೆಯ ಕೋಡಿನ ಮೇಲೆ, ಉಗುರಿನಷ್ಟು ಕಪ್ಪೆ. ಕಥೆಯಲ್ಲಿ ಅದರ ಸುದ್ದಿಯೇ ಇಲ್ಲ. ಓದು ಬಾರದವರಿಗೆ ಮಾತ್ರ ಕಾಣುವ ಹಾಗೆ ಯಾರೋ ಬರೆದಿಟ್ಟಿದ್ದರು.

ನಡುವೆ ಬೇರೆ ಪುಸ್ತಕಗಳೂ ಬಂದವು. ಗುಂಡಿ ಒತ್ತಿದರೆ ಕೂಗುವ ಒಂದು ಪುಸ್ತಕವನ್ನು ಗಿರಾಕಿಯೊಬ್ಬರು ತಂದುಕೊಟ್ಟರು. ಮಕ್ಕಳು ಎಲ್ಲ ಗುಂಡಿ ಒತ್ತಿದರು, ಸಂತೋಷಪಟ್ಟರು, ಆಮೇಲೆ ಎಮ್ಮೆ ಎಲ್ಲಿ ಅಂತ ಕೇಳಿದರು. ಅದೇ ಕಥೆ ಕೇಳಿ ಕೇಳಿ ಇವಕ್ಕೆ ಬೇಸರವಾಗುವುದಿಲ್ಲವೇ ಅಂತ ಅವನು ಒಂದು ದಿನ ಹೆಂಡತಿಯನ್ನು ಕೇಳಿದ. ಟೀಚರ್ ಅಕ್ಕಿ ಆರಿಸುತ್ತಿದ್ದಳು.

“ಹೊಸ ದಾರೀಲಿ ಮಕ್ಕಳು ನಮ್ಮ ಕೈ ಹಿಡ್ಕೊಂಡು ನಡೀತಾವೆ ರೀ,” ಅಂದಳು. “ಗೊತ್ತಿರೋ ದಾರೀಲಿ ಕೈ ಬಿಟ್ಟು ಓಡ್ತಾವೆ. ಓಡೋ ಖುಷಿನೇ ಬೇರೆ.”

ಹೀಗೆ ವರ್ಷಗಳು ಉರುಳಿದವು. ಅವನ ತಲೆಯೇ ಅರ್ಧ ಬಯಲಾಯಿತು. ಟೀಚರ್ ನಿವೃತ್ತಳಾದಳು. ಪುಸ್ತಕದಲ್ಲಿ ಕಾಗದಕ್ಕಿಂತ ಅಂಟುಪಟ್ಟಿಯೇ ಹೆಚ್ಚಾಯಿತು. ಸೈರನ್ ಬೆಳೆದು ಬಸ್ ಡ್ರೈವರ್ ಆದಳು. ಅವಳ ಬಸ್ಸಿಗೆ ಹಾರ್ನ್ ಯಾಕೆ ಇಟ್ಟಿದ್ದಾರೋ ಅಂತ ಎಮ್ಮೆ ಮಾಮ ತಮಾಷೆ ಮಾಡುತ್ತಿದ್ದ. ಅವಳಿಗೂ ಗುಂಗುರು ಕೂದಲಿನ ಮಗಳು ಹುಟ್ಟಿದಳು, ಅವಳೂ ಅದೇ ಹಲಗೆಯ ಮೇಲೆ ಕೂತು, ಎರಡು ಸಾಲದು, ನಾಲ್ಕು ಬೇಕು ಅನ್ನತೊಡಗಿದಳು.

ಒಂದು ದಿನ ಬೆಳಿಗ್ಗೆ, ರಜೆಯಲ್ಲಿದ್ದ ಸೈರನ್ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಿರುಗಾಳಿಯಂತೆ ಅಂಗಡಿಗೆ ನುಗ್ಗಿದಳು. ಕುರ್ಚಿಯಲ್ಲಿ ಸೈಕಲ್ ರಿಪೇರಿಯವನು ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ.

“ಮಾಮ, ಪುಸ್ತಕದವರು ಮೋಸ ಮಾಡಿದಾರೆ,” ಅಂದಳು.

ವಿಷಯ ಇಷ್ಟು. ಎಮ್ಮೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಿದ್ದಾರೆ. ಪುಸ್ತಕದಂಗಡಿಯ ಗಾಜಿನೊಳಗೆ ಕಂಡದ್ದೇ ತಡ, ಅವಳು ಹಾರಿ ಹೋಗಿ ತಂದಿದ್ದಾಳೆ. ಮನೆಯಲ್ಲಿ ಮಗಳಿಗೆ ಓದಿ ಹೇಳಿದರೆ ಎಲ್ಲ ಸರಿಯಾಗಿದೆ, ಕೊನೆ ಮಾತ್ರ ತಪ್ಪು. ಮಗು ಕಾಲು ಬಡಿದು ಅತ್ತಿದೆ. ಮೀನೂ ಇಲ್ಲ, ಬಾಡಿಗೆಯೂ ಇಲ್ಲ.

“ಮೀನು ಇಲ್ವಾ?” ಸೈಕಲ್ ರಿಪೇರಿಯವನು ನೊರೆಯೊಳಗಿಂದ ಕೇಳಿದ. “ಹಂಗಾದ್ರೆ ನಕಲಿನೇ ಇರ್ಬೇಕು.”

ಎಮ್ಮೆ ಮಾಮ ರೇಜರ್ ಕೆಳಗಿಟ್ಟ. ಸೈರನ್ ಕೈಯಲ್ಲಿದ್ದ ಹೊಸ ಪುಸ್ತಕದ ರಟ್ಟು ನೋಡಿದ. ಆ ರಟ್ಟನ್ನು ಅವನು ಜೀವನದಲ್ಲೇ ಮೊದಲ ಸಲ ನೋಡುತ್ತಿದ್ದ. ಎಮ್ಮೆ ಪೇಟೆಯ ದಾರಿಯಲ್ಲಿ ಬೆನ್ನು ತೋರಿಸಿಕೊಂಡು ಹೊರಟಿತ್ತು. ಅವನಿಗೆ ಎಷ್ಟೋ ಕಾಲದ ಗೆಳೆಯನ ಬಾಲ್ಯದ ಫೋಟೋ ಸಿಕ್ಕಿದ ಹಾಗಾಯಿತು.

“ಮೋಸ ಅವರದಲ್ಲಮ್ಮ,” ಅಂದ. “ನಮ್ಮ ಪುಸ್ತಕದಲ್ಲಿ ಕೊನೆ ಹಾಳೆನೇ ಇರಲಿಲ್ಲ. ಮೀನುಗಳನ್ನ ತಂದು ಬಿಟ್ಟಿದ್ದು ನಾನು.”

ಸೈರನ್ ಬಾಯಿ ಬಿಟ್ಟುಕೊಂಡು ನಿಂತಳು, ಆದರೆ ಸದ್ದು ಬರಲಿಲ್ಲ. ಅದು ಅಪರೂಪದ ದೃಶ್ಯ.

“ಯಾಕೆ ಮಾಮ?”

“ಕಥೆ ಮುಗಿದಿತ್ತು, ನಿನ್ನ ತಲೆ ಅರ್ಧ ಉಳಿದಿತ್ತು. ಏನ್ ಮಾಡ್ಲಿ ಹೇಳು.”

ಸೈಕಲ್ ರಿಪೇರಿಯವನು ನಕ್ಕ ರಭಸಕ್ಕೆ ನೊರೆ ಕನ್ನಡಿಗೆ ಹಾರಿತು. ಸೈರನ್ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ತನ್ನ ಬಸ್ಸಿನ ಕಂಡಕ್ಟರಿಗೂ ಮೀನಿನ ಬಾಡಿಗೆಯ ಕಥೆ ಹೇಳಿದ್ದೇನೆ ಅಂತ ನಗುತ್ತಲೇ ಒಪ್ಪಿಕೊಂಡಳು. ಆಮೇಲೆ ಕೊನೆಯ ಪುಟ ತೆರೆದು ಅವನ ಮುಂದೆ ಹಿಡಿಯಲು ಹೋದಳು. ಎಮ್ಮೆ ಮಾಮ ಎರಡೂ ಕೈ ಅಡ್ಡ ಹಿಡಿದ.

“ತಡಿ ತಡಿ. ಟೀಚರ್ ಬರ್ಲಿ. ಅವಳಿಗೂ ಗೊತ್ತಿಲ್ಲ.”

ಮೆಟ್ಟಿಲ ಹತ್ತಿರ ಹೋಗಿ ಕೂಗಿದ. ಟೀಚರ್ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಇಳಿದು ಬಂದಳು. ವಿಷಯ ತಿಳಿದ ಮೇಲೆ ಅವಳ ಮುಖ ಮಕ್ಕಳ ಮುಖದಂತೆ ಅರಳಿತು. ಕೊನೆಯನ್ನು ಮಾತ್ರ ನೋಡುವುದು ಸರಿಯಲ್ಲ, ಮೊದಲಿನಿಂದ ಬರಬೇಕು ಅಂದಳು. ಖಾಲಿ ಕುರ್ಚಿಯಲ್ಲಿ ಅವನನ್ನೇ ಕೂರಿಸಿ, ಸೈರನ್ ಮಗಳನ್ನು ಅವನ ತೊಡೆಯ ಮೇಲೆ ಇಟ್ಟು, ಕನ್ನಡಿಯ ಕಟ್ಟೆಗೆ ಒರಗಿ ನಿಂತು ಓದಿದಳು. ಕಥೆ ಹೇಳಿ ಹೇಳಿ ಗಂಟಲು ಸವೆಸಿದವನು ಕೇಳುವ ಜಾಗದಲ್ಲಿ ಕೂತದ್ದು ಅದೇ ಮೊದಲು. ಎಮ್ಮೆ ತಲೆ ಬಗ್ಗಿಸಿದಾಗ ಅವನ ತಲೆಯೂ ತಾನಾಗಿ ಬಗ್ಗಿತು. ಸೈಕಲ್ ರಿಪೇರಿಯವನು ಎಲ್ಲರಿಗಿಂತ ಗಟ್ಟಿಯಾಗಿ ನಾಲ್ಕು ಬೇಕು ಅಂದ.

ಕೆರೆಯ ದಂಡೆ ಬಂತು. ನೀರು ನೋಡಿತು. ಬೂಟು ನೋಡಿತು. ಟೀಚರ್ ಪುಟ ತಿರುಗಿಸಿದಳು.

ಎಮ್ಮೆ ಒಂದೊಂದೇ ಬೂಟು ಬಿಚ್ಚಿ ದಂಡೆಯ ಮೇಲೆ ಸಾಲಾಗಿ ಇಟ್ಟಿತು, ಅಷ್ಟೇ ಬರೆದಿತ್ತು. ಅದರ ಮುಂದಿನ ಪುಟದಲ್ಲಿ ಒಂದಕ್ಷರವೂ ಇರಲಿಲ್ಲ. ದೊಡ್ಡ ನೀಲಿ ಕೆರೆ, ನಡುವೆ ಎಮ್ಮೆಯ ಮೂಗು, ಎರಡು ಕೋಡು, ಮುಚ್ಚಿದ ಕಣ್ಣು. ಒಂದು ಬೂಟಿನೊಳಗಿಂದ ಕಪ್ಪೆ ಇಣುಕುತ್ತಿತ್ತು.

ಎಮ್ಮೆ ಮಾಮ ಆ ಪುಟವನ್ನು ನೋಡುತ್ತಲೇ ಇದ್ದ. ಆ ನೀರಿನ ತಂಪು ತನ್ನ ಕಾಲಿಗೇ ಹತ್ತಿದಂತೆ ಅನ್ನಿಸಿತು. ದಿನವಿಡೀ ನಿಂತು ಕೆಲಸ ಮಾಡುವವನಿಗೆ, ಬೂಟು ಬಿಚ್ಚಿ ನೀರಿಗಿಳಿಯುವುದು ಅಂದರೆ ಏನು ಅಂತ ಯಾರೂ ವಿವರಿಸಬೇಕಿರಲಿಲ್ಲ. ಇಷ್ಟು ಒಳ್ಳೆಯ ಕೊನೆ ಇತ್ತು, ನಾನು ಇಷ್ಟು ವರ್ಷ ವಟವಟ ಅಂದೆನಲ್ಲ ಅಂದ. ಟೀಚರ್ ಅವನ ಹೆಗಲ ಮೇಲೆ ಕೈ ಇಟ್ಟಳು.

“ನಿಮ್ಮದೂ ಒಳ್ಳೇದೇ ರೀ. ಕೂದಲು ಕತ್ತರಿಸೋಕೆ ನಿಮ್ಮದು. ನಿದ್ದೆ ಬರಿಸೋಕೆ ಇದು.”

ತೊಡೆಯ ಮೇಲಿದ್ದ ಮಗು ಮಾತ್ರ ಇಷ್ಟಕ್ಕೆ ಒಪ್ಪಲಿಲ್ಲ. ಬೆರಳಿನಿಂದ ಬೂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಗಂಭೀರವಾಗಿ ತೀರ್ಪು ಕೊಟ್ಟಿತು: ಮೊದಲ ದಿನ ಎಮ್ಮೆ ಬೂಟು ಹಾಕಿಕೊಂಡೇ ಹಾರಿತು, ಮೀನುಗಳು ಬಂದವು, ಬಾಡಿಗೆ ಕೊಡಲಿಲ್ಲ, ಅದಕ್ಕೇ ಮರುದಿನ ಬೂಟು ಬಿಚ್ಚಿ ಹೊರಗೆ ಇಟ್ಟಿತು. ಕಪ್ಪೆ ಬಾಡಿಗೆ ಕೊಡುತ್ತದೆ.

ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೀರ್ಪು ಎಲ್ಲರಿಗೂ ಒಪ್ಪಿಗೆಯಾಯಿತು.

ಈಗ ಅಂಗಡಿಯ ಸ್ಟ್ಯಾಂಡಿನ ಮೇಲೆ ಹೊಸ ಪುಸ್ತಕವಿದೆ; ಹಳೆಯದು ಮಹಡಿಯಲ್ಲಿ, ಟೀಚರ್ ಕಪಾಟಿನಲ್ಲಿ. ಮಕ್ಕಳು ಹಲಗೆ ಏರಿದರೆ ಎಮ್ಮೆ ಮೊದಲ ದಿನ ಹಾರುತ್ತದೆ, ಎರಡನೆಯ ದಿನ ಬಿಚ್ಚಿಡುತ್ತದೆ. ಕೊನೆಯ ಪುಟ ಬಂದಾಗ ಎಮ್ಮೆ ಮಾಮ ಕತ್ತರಿ ನಿಲ್ಲಿಸಿ ಸುಮ್ಮನಾಗುತ್ತಾನೆ. ಮಗುವೂ ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಬ್ರಶ್ ತೆಗೆದುಕೊಂಡು ಮಗುವಿನ ಕುತ್ತಿಗೆಯ ಮೇಲಿನ ಸಣ್ಣ ಕೂದಲನ್ನು ಮೆಲ್ಲಗೆ ಸವರಿಬಿಡುತ್ತಾನೆ.